ಅವನ ಕನ್ನಡಕದಲ್ಲಿ ಅವಳ ಮುಖ

"ಯಾರದು?! ಯಾರದು ಆ ಮುಖ?!"

ತಿಲೆಕ್ ಕಿರುಚಿಕೊಂಡೇ ಕುರ್ಚಿಯಿಂದ ಎದ್ದ. ಕಣ್ಣಿಗೆ ಕಟ್ಟಿಕೊಂಡಿದ್ದ ದಪ್ಪ ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿದ. ಮೈದಾನದ ಆಚೆ ತುದಿಯಲ್ಲಿ ಅವನ ಡ್ರೋನ್ ಕಬ್ಬಿಣದ ಕಂಬಕ್ಕೆ ಬಡಿದು, ಚೂರುಚೂರಾಗಿ ಹುಲ್ಲಿನ ಮೇಲೆ ಬಿದ್ದಿತ್ತು.

ಕರಾಕೋಲ್ ಊರಿನ ಹಳೇ ಕುದುರೆ ಮೈದಾನದಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು.

ಬೇಲಿ ಪಕ್ಕದ ಮೇಜಿನ ಹತ್ತಿರ ಮೀರಿಮ್ ನಿಂತಿದ್ದಳು. ಅವಳ ಕೈಯಲ್ಲೊಂದು ಕಪ್ಪು ಡ್ರೋನ್. ಈಗಷ್ಟೇ ಅದಕ್ಕೆ ಬ್ಯಾಟರಿ ಸಿಕ್ಕಿಸಿದ್ದಳು. ಅದರ ಮೂತಿಯಲ್ಲಿದ್ದ ಪುಟ್ಟ ಕ್ಯಾಮೆರಾ ನೇರವಾಗಿ ಅವಳ ಮುಖವನ್ನೇ ನೋಡುತ್ತಿತ್ತು.

'ಏನಾಯ್ತು? ನಾನೇನು ಮಾಡಿದೆ?...' ಅವಳು ಸುತ್ತಮುತ್ತ ನೋಡಿದಳು.

ತಿಲೆಕ್ ದಾಪುಗಾಲು ಹಾಕಿಕೊಂಡು ಬಂದ. "ನೀನೇ! ಇದೇ ಮುಖ! ಇದೇ ಕೆಂಪು ಟೋಪಿ!"

"ನಾನು... ನಾನು ಬರೀ ಆನ್ ಮಾಡಿದೆ ಬೈಕೆ..."

ಬೈಕೆ ಅಂದರೆ ಅಣ್ಣ. ತನಗಿಂತ ದೊಡ್ಡ ಗಂಡಸರನ್ನೆಲ್ಲ ಅವಳು ಹಾಗೇ ಕರೆಯುತ್ತಿದ್ದಳು. ಆ ಹೊತ್ತಿನಲ್ಲಿ ಇವನನ್ನು ಯಮ ಅಂತ ಕರೆದಿದ್ದರೂ ತಪ್ಪಾಗುತ್ತಿರಲಿಲ್ಲ ಬಿಡಿ!

"ಬರೀ ಆನ್ ಮಾಡಿದ್ಯಾ? ಮೇಲೊಬ್ಬ ಹಾರಿಸ್ತಿರುವಾಗ, ಕೆಳಗೆ ಅವನ ಪಕ್ಕದಲ್ಲೇ ನಿಂತು ಅದೇ ಚಾನೆಲ್‌ನಲ್ಲಿ ಇನ್ನೊಂದು ಆನ್ ಮಾಡ್ತಾರಾ? ಕನ್ನಡಕದಲ್ಲಿ ನನಗೆ ಗೇಟು ಕಾಣ್ಬೇಕಿತ್ತು. ನಿನ್ನ ಮುಖ ಕಾಣಿಸ್ತು! ಕೊನೇ ಸುತ್ತು! ಎಲ್ಲರಿಗಿಂತ ಮುಂದಿದ್ದೆ!"

ಎಫ್‌ಪಿವಿ ರೇಸಿನವರು ಆಕಾಶ ನೋಡುವುದಿಲ್ಲ. ಕುರ್ಚಿಯಲ್ಲಿ ಕೂತು, ಡ್ರೋನಿನ ಕ್ಯಾಮೆರಾ ನೋಡಿದ್ದನ್ನೇ ತಾವೂ ನೋಡುತ್ತಾ, ರಿಮೋಟಿನಲ್ಲಿ ಅದನ್ನು ಓಡಿಸುತ್ತಾರೆ. ಹತ್ತಿರ ಇನ್ನೊಂದು ಡ್ರೋನ್ ಆನ್ ಆದರೆ ಅದು ದೂರದ್ದರ ಚಿತ್ರವನ್ನು ನುಂಗಿಬಿಡುತ್ತದೆ. ಆ ಮೈದಾನದಲ್ಲಿ ಇದಕ್ಕಿಂತ ದೊಡ್ಡ ಪಾಪ ಇನ್ನೊಂದಿರಲಿಲ್ಲ. ಪಾಪ, ಈ ರೇಸಿಗೆ ಮೊದಲ ಸಲ ಬಂದವಳಿಗೆ ಅದನ್ನು ಹೇಳಿದವರಾದರೂ ಯಾರು?

ಕಪ್ಪು ಡ್ರೋನಿನ ಒಡೆಯ ಜೆನಿಶ್ ಚಹಾದ ಲೋಟ ಹಿಡಿದುಕೊಂಡು ಓಡಿಬಂದ. "ಅಯ್ಯೋ, ಬಿಡೋ ತಿಲೆಕ್! ತಪ್ಪು ನಂದು. ಇದನ್ನ ಕೊಂಡ್ಕೊಳ್ತೀನಿ ಅಂತ ಬಂದಿದ್ದಾಳೆ. ನೋಡ್ತಾ ಇರಮ್ಮ ಅಂತ ಹೇಳಿ ಚಹಾ ತರೋಕೆ ಹೋದೆ."

"ಬೈಕೆ, ಕ್ಷಮಿಸಿ..." ಮೀರಿಮ್ ಕಪ್ಪು ಡ್ರೋನನ್ನು ಮುಂದೆ ಚಾಚಿದಳು. "ಇದನ್ನ ನಿಮಗೇ ಕೊಂಡು ಕೊಟ್ಟುಬಿಡ್ತೀನಿ."

"ಕೊಂಡು ಕೊಡ್ತೀಯಾ?!" ತಿಲೆಕ್‌ನ ಕಣ್ಣು ಕೆಂಪಾಯಿತು. "ಅದು ನನ್ನ ಕೈಯಾರೆ ಕಟ್ಟಿದ್ದು! ಒಂದೊಂದು ತಂತಿನೂ ನಾನೇ ಬೆಸೆದಿದ್ದು! ಒಳಗೇನಿದೆ ಅಂತ ಗೊತ್ತಿಲ್ಲದೋರೆಲ್ಲ ದುಡ್ಡು ಬಿಸಾಕಿ ಹಾರಿಸೋಕೆ ಬಂದುಬಿಡ್ತಾರೆ!"

ಮೀರಿಮ್ ಕಪ್ಪು ಡ್ರೋನನ್ನು ಮೇಜಿನ ಮೇಲಿಟ್ಟಳು. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮೈದಾನದ ಆಚೆ ತುದಿಗೆ ನಡೆದಳು. ಆಗಲೇ ತಿಲೆಕ್‌ಗೆ ಕಂಡದ್ದು, ಅವಳ ಎಡಗಾಲು ಗಿಡ್ಡ. ಕುಂಟುತ್ತಾ ಹೋಗಿ, ಹುಲ್ಲಿನಲ್ಲಿ ಮಂಡಿಯೂರಿ, ಒಡೆದ ಚೂರುಗಳನ್ನೆಲ್ಲ ಆ ಕೆಂಪು ಟೋಪಿಗೆ ಆಯ್ದುಕೊಳ್ಳುತ್ತಿದ್ದಳು.

ಅವನ ಕೋಪ ಜರ್ರನೆ ಇಳಿಯಿತು. ಆದರೆ ಬಾಯಿಂದ ಹೊರಟ ಮಾತು ವಾಪಸ್ ಬರುತ್ತದೆಯೇ?

*

ಅವನಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಆ ಕಂಬದ ಬುಡವನ್ನು ಮೀರಿಮ್‌ಗೆ ಯಾರೂ ತೋರಿಸಬೇಕಾಗಿರಲಿಲ್ಲ.

ಅವಳ ಅಪ್ಪ ಸಾಪರ್ ರೇಸಿನ ಕುದುರೆಗಳನ್ನು ತಯಾರು ಮಾಡುವವನು. ಹನ್ನೊಂದು ವರ್ಷದವಳಿದ್ದಾಗ ಮೀರಿಮ್ ಇದೇ ಮೈದಾನದಲ್ಲಿ ಅವನ ಬೂದು ಕುದುರೆಯ ಮೇಲೆ ಎಲ್ಲರನ್ನೂ ಹಿಂದೆ ಹಾಕಿ ಬಂದಿದ್ದಳು. ಗೆಲ್ಲುವ ಗೆರೆ ಕಣ್ಣೆದುರಿಗೇ ಇತ್ತು. ಆ ಕಂಬದ ಹತ್ತಿರ ಕುದುರೆ ಮುಗ್ಗರಿಸಿತು. ಕಾಲು ಕುದುರೆಯ ಕೆಳಗೆ ಸಿಕ್ಕಿತು. ಮುರಿದ ಮೂಳೆ ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಆಮೇಲೆ ಅಪ್ಪ ಅವಳನ್ನು ಜೀನಿನ ಮೇಲೆ ಕೂರಿಸಲೇ ಇಲ್ಲ.

ಹೋದ ಬೇಸಿಗೆಯಲ್ಲಿ ಯಾರೋ ಆಟಕ್ಕೆಂದು ಅವಳ ಕಣ್ಣಿಗೆ ಡ್ರೋನಿನ ಕನ್ನಡಕ ಹಾಕಿದ್ದರು. ಅಬ್ಬಾ! ನೆಲ ಕೆಳಗೆ ಓಡಿತು, ಕಂಬಗಳು ಪಕ್ಕದಲ್ಲಿ ಸರಸರ ಹೋದವು... ಆ ಹೊತ್ತಿನಲ್ಲಿ ಅವಳು ಕುಂಟಿಯಾಗಿರಲಿಲ್ಲ!

'ವಸಂತದ ನೂರೂಜ್ ಹಬ್ಬಕ್ಕೆ ಹೊಸಬರ ರೇಸ್ ಇದೆ. ಅದರಲ್ಲಿ ನಾನು ಆ ಗೆರೆ ದಾಟಬೇಕು. ಗೆಲ್ಲದಿದ್ದರೂ ಪರವಾಗಿಲ್ಲ... ದಾಟಬೇಕು!'

ಅಷ್ಟೇ ಅವಳ ಆಸೆ. ಈಗ ಪ್ರಶ್ನೆ ಒಂದೇ. ಕೊಳ್ಳುವುದೋ, ಕಟ್ಟುವುದೋ?

"ಸುಮ್ನೆ ಕೊಂಡ್ಕೊಳ್ಳೇ!" ಅತ್ತಿಗೆ ಬುರುಲ್ ಹಿಟ್ಟು ನಾದುತ್ತಾ ಅಂದಳು. "ಜೆನಿಶ್ ಕೊಡ್ತೀನಿ ಅಂತಿದ್ದಾನಲ್ಲ. ಅವನ್ನ ಮದುವೆ ಆಗೋಳು ಖಡಾಖಂಡಿತ ಹೇಳಿದ್ದಾಳಂತೆ, ಮನೇಲಿ ಅದಿರ್ಬೇಕು ಇಲ್ಲಾ ನಾನಿರ್ಬೇಕು ಅಂತ! ಇವತ್ತು ತಂದ್ರೆ ನಾಳೆ ಹಾರಿಸ್ತೀಯ. ಇಡೀ ಚಳಿಗಾಲ ಅಭ್ಯಾಸ ಆಗುತ್ತೆ. ಅದು ಬಿಟ್ಟು ಕಟ್ತೀನಿ ಅಂತ ಕೂತ್ರೆ ಹಬ್ಬದ ಹೊತ್ತಿಗೆ ಕೈಯಲ್ಲಿ ತಂತಿ ಹಿಡ್ಕೊಂಡು ಕೂತಿರ್ತೀಯ!"

ಅತ್ತಿಗೆಯ ಮಾತಿನಲ್ಲಿ ಏನೂ ಸುಳ್ಳಿರಲಿಲ್ಲ. ಆದರೆ ಮೀರಿಮ್‌ಗೆ ಆ ಬೂದು ಕುದುರೆ ನೆನಪಾಯಿತು. ಅಪ್ಪ ಅದನ್ನು ತಯಾರು ಮಾಡಿದ್ದ, ಅಪ್ಪನೇ ಜೀನು ಬಿಗಿದಿದ್ದ, ಅಪ್ಪನೇ ಎತ್ತಿ ಕೂರಿಸಿದ್ದ. ಅದರ ಹಿಂಗಾಲಿನ ಲಾಳ ಓಡುವಾಗ ಸಡಿಲವಾಗಿತ್ತು. ಮೇಲೆ ಕೂತಿದ್ದ ಹುಡುಗಿಗೆ ಅದು ತಿಳಿಯಲೇ ಇಲ್ಲ.

"ಇಲ್ಲ ಜೆಂಗೆ." ಅವಳು ಅತ್ತಿಗೆಯನ್ನು ಹಾಗೇ ಕರೆಯುವುದು. "ಈ ಸಲ ನನ್ನ ಕೆಳಗೆ ಏನಿದೆ ಅಂತ ನನಗೆ ಗೊತ್ತಿರ್ಬೇಕು. ಬಿದ್ದೇ ಬೀಳ್ತೀನಿ. ಬಿದ್ದಾಗ ಎಲ್ಲಿ ಏನಾಗಿದೆ ಅಂತ ನನ್ನ ಕೈಗೆ ತಿಳೀಬೇಕು."

"ಯಾರು ಕಲಿಸ್ತಾರೆ ನಿಂಗೆ?"

ಮೀರಿಮ್ ತಾನು ಆಯ್ದು ತಂದಿದ್ದ ಚೂರುಗಳ ಕಡೆ ನೋಡಿದಳು. ಊರಿನಲ್ಲಿ ಅದನ್ನು ಸರಿಯಾಗಿ ಬಲ್ಲವನು ಒಬ್ಬನೇ ಇದ್ದ. ಅವನೇ!

*

ತಿಲೆಕ್ ಬೆಟ್ಟದ ಮೇಲೆ ಹಿಮದಾಟದವರನ್ನು ಎಳೆದೊಯ್ಯುವ ತಂತಿಗಾಡಿಯ ಮೆಕ್ಯಾನಿಕ್. ಅವನ ಕೊಠಡಿಯ ಬಾಗಿಲಲ್ಲಿ ಕೆಂಪು ಟೋಪಿ ಕಂಡ ಕೂಡಲೇ ಅವನ ಕೈಯಲ್ಲಿದ್ದ ಸ್ಪ್ಯಾನರ್ ಜಾರಿತು.

"ಇಲ್ಲಿ ಏನಾದ್ರೂ ಆನ್ ಮಾಡೋಕೆ ಬಂದ್ಯಾ?"

"ಇಲ್ಲ ಬೈಕೆ. ಇದನ್ನ ಕೊಡೋಕೆ ಬಂದೆ."

ಮೇಜಿನ ಮೇಲೆ ಬಟ್ಟೆಯ ಗಂಟು ಬಿಚ್ಚಿದಳು. ಅವನ ಡ್ರೋನಿನ ಚೂರುಗಳು! ಒಂದೊಂದನ್ನೂ ತೊಳೆದು, ಒರೆಸಿ ತಂದಿದ್ದಳು. ಮೋಟಾರುಗಳ ಸಂದಿನ ಮಣ್ಣನ್ನು ಸಹ ಬಿಡಿಸಿದ್ದಳು.

ತಿಲೆಕ್ ಒಂದನ್ನೆತ್ತಿ ಬೆಳಕಿಗೆ ಹಿಡಿದ. "ಇಷ್ಟು ಸಣ್ಣ ಸಂದಿಗೆ ಕೈ ಹಾಕೋಕೆ ಎಲ್ಲಿ ಕಲಿತೆ? ಏನು ಕೆಲಸ ನಿಂದು?"

"ಹಲ್ಲು ಕಟ್ತೀನಿ."

"ಏನು?"

"ದಂತ ವೈದ್ಯರು ಅಚ್ಚು ತೆಗೆದು ಕಳಿಸ್ತಾರೆ. ನಾನು ಹಲ್ಲು ಮಾಡಿ ಕೊಡ್ತೀನಿ."

"ಕೈ ನಡುಗುತ್ತಾ?"

"ನೀವು ಬೈದಾಗ ಮಾತ್ರ."

ತಿಲೆಕ್‌ಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟ! ಆಮೇಲೆ ನಗು ನುಂಗಿಕೊಂಡು, ತಲೆ ತಗ್ಗಿಸಿ ಅಂದ, "ಆವತ್ತು... ಅಷ್ಟು ಜನರ ಎದುರಿಗೆ ಹಾಗೆ ಕೂಗಬಾರದಿತ್ತು."

"ಹಾಗಾದ್ರೆ ನಂಗೊಂದು ಕಟ್ಟೋಕೆ ಕಲಿಸಿಕೊಡಿ. ಲೆಕ್ಕ ಸರಿಹೋಗುತ್ತೆ."

"ಕೊಂಡ್ಕೊಂಡ್ರೆ ಸುಲಭ ಅಲ್ವಾ?"

"ನೀವೇ ತಾನೇ ಬೈದಿದ್ದು, ಒಳಗೇನಿದೆ ಅಂತ ಗೊತ್ತಿಲ್ಲದೋರು ಅಂತ?"

ತಿಲೆಕ್ ಮೋಟಾರಿನ ಮುಚ್ಚಳ ಬಿಚ್ಚಿ ಅವಳ ಅಂಗೈ ಮೇಲಿಟ್ಟ. ಒಳಗೆ ಸೂಜಿಯಲ್ಲಿ ಗೀರಿದ ಒಂದು ಗುರುತಿತ್ತು, ಅರ್ಧ ಚಂದ್ರ, ಅದರ ಕೆಳಗೊಂದು ಗೆರೆ.

"ನಮ್ಮ ತಾತ ಕುದುರೆಗಳಿಗೆ ಹಾಕ್ತಿದ್ದ ಮುದ್ರೆ. ಹೊರಗೆ ಹಾಕಿದ್ರೆ ಕದ್ದೋರು ಉಜ್ಜಿಬಿಡ್ತಾರೆ. ಅದಕ್ಕೆ ಒಳಗೆ ಹಾಕ್ತೀನಿ. ಸರಿ... ನಾಳೆ ಸಂಜೆ ಬಾ. ಬೆಸುಗೆಯಿಂದ ಶುರು ಮಾಡೋಣ."

*

ಚಳಿಗಾಲ ಇಡೀ ಆ ಕೊಠಡಿಯಲ್ಲಿ ಬೆಸುಗೆಯ ವಾಸನೆ, ಹಾಲು ಹಾಕಿದ ಚಹಾ, ಮತ್ತೆ ಜಗಳ! ಮೇಜಿನ ಒಂದು ಕಡೆ ಅವಳ ಡ್ರೋನ್, ಇನ್ನೊಂದು ಕಡೆ ಅವನು ಮತ್ತೆ ಕಟ್ಟುತ್ತಿದ್ದ ಅವನದು; ಅದನ್ನು ಕಂಡಾಗಲೆಲ್ಲ ಅವಳು ಕ್ಷಮೆ ಕೇಳುತ್ತಿದ್ದಳು.

"ಇದೇನು ಬೆಸುಗೆನಾ, ಒಸಡು ಬಾತಿರೋದಾ?" ಅವನು ರೇಗಿಸುತ್ತಿದ್ದ.

"ನಿಮ್ಮ ಹಲ್ಲು ನನ್ನ ಕೈಗೆ ಸಿಗಲಿ, ಆಗ ಗೊತ್ತಾಗುತ್ತೆ!" ಅವಳು ತಿರುಗಿಸಿ ಕೊಡುತ್ತಿದ್ದಳು.

ಮೊದಲ ಸಲ ಕರೆಂಟ್ ಕೊಡುವ ದಿನ ಬಂತು. ಬ್ಯಾಟರಿಗೂ ಡ್ರೋನಿಗೂ ನಡುವೆ ತಿಲೆಕ್ ಒಂದು ಕಾರಿನ ಬಲ್ಬು ಜೋಡಿಸಿದ. "ಬಲ್ಬು ಒಂದು ಸಲ ಮಿಣುಕಿ ಆರಿದ್ರೆ ಎಲ್ಲಾ ಸರಿ. ಉರೀತಾನೇ ಇದ್ರೆ ಎಲ್ಲೋ ತಂತಿ ತಾಗ್ತಿದೆ ಅಂತ."

ಮೀರಿಮ್ ಬ್ಯಾಟರಿ ಸಿಕ್ಕಿಸಿದಳು.

ಬಲ್ಬು ಹತ್ತಿತು. ಆರಲಿಲ್ಲ... ಉರಿಯುತ್ತಲೇ ಇತ್ತು!

"ತೆಗಿ! ತೆಗಿ!"

ಅವಳು ಕಿತ್ತು ಹಾಕಿ, ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. 'ಇಷ್ಟು ವಾರ ಬೆರಳು ಸುಟ್ಟುಕೊಂಡದ್ದಕ್ಕೆ ಇದೇನಾ ಫಲ?...'

ತಿಲೆಕ್ ಸಮಾಧಾನ ಹೇಳಲಿಲ್ಲ. ಭೂತಗನ್ನಡಿ ತಂದು ಅವಳ ಕೈಗಿಟ್ಟ. "ಕೊಂಡಿದ್ದಾಗಿದ್ರೆ ಇಲ್ಲಿಗೆ ಕಥೆ ಮುಗೀತಿತ್ತು. ಇದು ನೀನು ಕಟ್ಟಿದ್ದು. ಹುಡುಕು."

ಹುಡುಕಿದಳು. ಎರಡು ತಂತಿಗಳ ನಡುವೆ ಸಾಸಿವೆಗಿಂತ ಸಣ್ಣ ಸೀಸದ ಹನಿ! ಹಲ್ಲಿನ ಸಂದಿ ಬಿಡಿಸುವ ಕೊಕ್ಕೆಯಲ್ಲಿ ಅದನ್ನು ಮೆಲ್ಲಗೆ ಎತ್ತಿದಳು. ಮತ್ತೆ ಸಿಕ್ಕಿಸಿದಳು.

ಬಲ್ಬು ಮಿಣುಕಿತು... ಆರಿತು. ಡ್ರೋನ್ ಪೀಂ ಪೀಂ ಅಂತ ಕೂಗಿತು.

"ಬದುಕಿದೆ! ತಿಲೆಕ್, ಬದುಕಿದೆ!"

ಕುಣಿದಾಡುತ್ತಿದ್ದವಳಿಗೆ ತಾನು ಬೈಕೆ ಅನ್ನುವುದನ್ನು ಬಿಟ್ಟದ್ದು ಗೊತ್ತೇ ಆಗಲಿಲ್ಲ. ಅವನಿಗೆ ಗೊತ್ತಾಯಿತು. ಕಿವಿ ಕೆಂಪಗಾಗಿ, ಸುಮ್ಮನೆ ಚಹಾ ಬಗ್ಗಿಸಲು ಹೊರಟ.

ಬುರುಲ್ ಬಿಡುತ್ತಾಳೆಯೇ? ಮೊದಲ ಹಾರಾಟದ ದಿನ ಕಪ್ಪು ಬಿಳಿ ದಾರ ಹೊಸೆದುಕೊಂಡೇ ಬಂದಳು. "ಮಗು ನಡೆಯೋಕೆ ಕಲಿತಾಗ ಕಾಲಿಗೆ ದಾರ ಕಟ್ಟಿ ಕತ್ತರಿಸಲ್ವಾ? ಇದೂ ನಿನ್ನ ಮಗುನೇ. ಕಟ್ಟು!"

"ಯಾರು ಮೊದಲು ಓಡಿಬರ್ತಾರೋ ಅವರು ಕತ್ತರಿಸ್ಬೇಕು ಜೆಂಗೆ. ಇಲ್ಲಿ ಓಡೋಕೆ ಯಾರಿದ್ದಾರೆ?" ಮೀರಿಮ್ ತನ್ನ ಕಾಲು ನೋಡಿಕೊಂಡಳು.

ತಿಲೆಕ್ ಅಂಗಳದ ಆಚೆ ತುದಿಗೆ ಹೋದ. ಅಲ್ಲಿಂದ ಒಬ್ಬನೇ ಓಡಿಬಂದ! ಹಿಮದಲ್ಲಿ ಜಾರಿ ದೊಪ್ಪನೆ ಬಿದ್ದ. ಎದ್ದ. ಮತ್ತೆ ಓಡಿಬಂದು ಏದುಸಿರು ಬಿಡುತ್ತಾ ದಾರ ಕತ್ತರಿಸಿದ.

"ಅಬ್ಬಬ್ಬಾ, ಎಂಥ ಪೈಪೋಟಿ!" ಅಂತ ಬುರುಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೀರಿಮ್ ನಗಲಿಲ್ಲ. ಅವನು ಕತ್ತರಿಸಿದ ದಾರದ ತುಂಡನ್ನು ಜೇಬಿಗೆ ಹಾಕಿಕೊಂಡದ್ದನ್ನು ಅವಳು ನೋಡಿದ್ದಳು. ಅವಳಿಗೆ ಅವನ ಮೇಲೆ ಪ್ರೀತಿಯಾಗಿತ್ತು. ಅದನ್ನು ತನಗೆ ತಾನೇ ಒಪ್ಪಿಕೊಳ್ಳಲು ಭಯವಾಯಿತು.

*

ನೂರೂಜ್‌ಗೆ ಇನ್ನೇನು ಎರಡು ವಾರ ಇರುವಾಗ ಎಡವಟ್ಟಾಯಿತು.

ಹಾರುತ್ತಿದ್ದ ಡ್ರೋನ್ ಕರಕಲು ವಾಸನೆ ಬಿಟ್ಟು ಕೆಳಗಿಳಿಯಿತು. ಬಿಚ್ಚಿ ನೋಡಿದರೆ ಮೀರಿಮ್ ಹಾಕಿದ್ದ ಸ್ಕ್ರೂಗಳು ಕೂದಲೆಳೆಯಷ್ಟು ಹೆಚ್ಚು ಉದ್ದವಿದ್ದವು. ನಾಲ್ಕೂ ಮೋಟಾರುಗಳ ತಾಮ್ರದ ಸುರುಳಿಗೆ ಕಚ್ಚಿ, ಸುಟ್ಟೇಬಿಟ್ಟಿದ್ದವು. ತಪ್ಪು ಅವಳದೇ. ಹೊಸ ಮೋಟಾರುಗಳು ಚೀನಾದಿಂದ ಬರಬೇಕು, ಕಣಿವೆ ದಾರಿ ಹಿಮ ಕುಸಿದು ಮುಚ್ಚಿತ್ತು.

"ಮುಗೀತು..." ಅವಳು ಕುಸಿದು ಕೂತಳು. "ಜೆಂಗೆ ಹೇಳಿದ್ದೇ ಸರಿ. ಕೊಂಡ್ಕೋಬೇಕಿತ್ತು."

ತಿಲೆಕ್ ಮೂರ್ನಾಲ್ಕು ದಿನ ಬಿಟ್ಟು ಒಂದು ಡಬ್ಬಿ ತಂದ. "ಪಾರ್ಸೆಲ್ ಬಂತು! ದಾರಿ ಬಿಟ್ರಂತೆ." ಒಳಗೆ ನಾಲ್ಕು ಕೆಂಪು ಮೋಟಾರುಗಳು ಫಳಫಳ ಹೊಳೆಯುತ್ತಿದ್ದವು. ಅವಳ ಟೋಪಿಯದೇ ಬಣ್ಣ.

ಈ ಸಲ ಅವಳು ಒಂದೊಂದು ಸ್ಕ್ರೂವನ್ನೂ ಅಳೆದು ಹಾಕಿದಳು. ಡ್ರೋನ್ ಮೊದಲಿಗಿಂತ ಚುರುಕಾಗಿ ಹಾರಿತು. ಅವಳ ಸಂತೋಷಕ್ಕೆ ಎಣೆಯೇ ಇರಲಿಲ್ಲ!

ಆದರೆ ಆ ಸಂತೋಷ ಎಷ್ಟು ಹೊತ್ತು? ಹಬ್ಬದ ಮುಂಚಿನ ವಾರ ಮೈದಾನಕ್ಕೆ ಹೋದವಳು ಬೇಲಿಯ ಹತ್ತಿರವೇ ನಿಂತುಬಿಟ್ಟಳು. ತಿಲೆಕ್ ಕುರ್ಚಿಯಲ್ಲಿ ಕೂತು ಹಾರಿಸುತ್ತಿದ್ದ. ಅವನು ಹಾರಿಸುತ್ತಿದ್ದದ್ದು ಜೆನಿಶ್‌ನ ಆ ಕಪ್ಪು ಡ್ರೋನ್!

"ಕೊನೆಗೂ ನನ್ನ ಮಾಲಿಗೆ ಗಿರಾಕಿ ಸಿಕ್ಕಿದ!" ಜೆನಿಶ್ ಹಲ್ಲುಕಿರಿದ. "ಇನ್ನು ನನ್ನ ಮದುವೆ ಯಾರೂ ತಪ್ಪಿಸೋಕಾಗಲ್ಲ!"

ಮೀರಿಮ್ ನೇರ ತಿಲೆಕ್‌ನ ಕುರ್ಚಿಯ ಹತ್ತಿರ ಹೋದಳು. ಅವನು ಇಳಿಸಿ, ಕನ್ನಡಕ ತೆಗೆಯುವವರೆಗೂ ಕಾದಳು.

"ನೀವು ಕೊಂಡ್ಕೊಂಡ್ರಾ... ತಿಲೆಕ್ ಬೈಕೆ?"

ಆ ಬೈಕೆ ಅವನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

"ಮೀರಿಮ್... ರೇಸಿಗೆ ಬೇಕಾಗಿತ್ತು."

"ಯಾಕೆ? ನೀವು ಕಟ್ತಿದ್ದದ್ದು ಏನಾಯ್ತು?"

"ಅದು... ಮುಗಿಯಲಿಲ್ಲ."

"ಮುಗಿಯಲಿಲ್ವಾ?! ಇಡೀ ಚಳಿಗಾಲ ನನಗೆ ಉಪದೇಶ! ಕಟ್ಟು, ಹುಡುಕು, ಕಲಿ ಅಂತ! ನಾನು ಬೆರಳು ಸುಟ್ಕೊಂಡು ಕೂತಿರ್ಬೇಕು, ನೀವು ಮಾತ್ರ ತಯಾರಾಗಿರೋದನ್ನ ತಂದು ಹಾರಿಸ್ಬೇಕು! ಏನಿದು ಬೈಕೆ, ಸೇಡಾ? ಆವತ್ತು ನಿಮ್ಮ ಡ್ರೋನ್ ಮುರಿದಿದ್ದಕ್ಕೆ, ನಾನು ಹಬ್ಬದ ಹೊತ್ತಿಗೆ ತಯಾರಾಗದೇ ಇರ್ಲಿ ಅಂತ ಕಟ್ಟೋಕೆ ಹಚ್ಚಿದ್ರಾ?"

ತಿಲೆಕ್ ಕನ್ನಡಕದ ಪಟ್ಟಿ ಸುತ್ತತೊಡಗಿದ. "ನಿಂಗೆ ಹಾಗನ್ನಿಸಿದ್ರೆ... ಹಾಗೇ ಇರ್ಲಿ."

ಅಯ್ಯೋ ಗಂಡಸೇ! ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಆದರೆ ಅವನು ಹೇಳಲಿಲ್ಲ. ನಿಜ ಗೊತ್ತಾದರೆ ಅವಳು ಅಲ್ಲೇ ನಿಂತು ಸ್ಕ್ರೂ ಬಿಚ್ಚಿ ವಾಪಸ್ ಕೊಟ್ಟುಬಿಡುತ್ತಾಳೆ, ಆಮೇಲೆ ಅವಳ ಗೆರೆ ಅವಳಿಗೆ ಸಿಗುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೀರಿಮ್ ಕುಂಟುತ್ತಾ ಹೊರಟುಹೋದಳು. ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಅವನ ರಿಮೋಟಿನ ಕಡ್ಡಿಗೆ ಕಟ್ಟಿದ್ದ ಕಪ್ಪು ಬಿಳಿ ದಾರ ಕಾಣುತ್ತಿತ್ತು.

*

ನೂರೂಜ್ ಬಂತು. ಮೈದಾನದ ಬಾಗಿಲಲ್ಲಿ ದೊಡ್ಡ ಕಡಾಯಿಯಿಂದ ಗೋಧಿ ಮೊಳಕೆಯ ಸಿಹಿ ಗಂಜಿ ಸುಮೋಲೊಕ್ ಹಂಚುತ್ತಿದ್ದರು. ಬೆಳಿಗ್ಗೆ ಕುದುರೆಗಳು ಓಡಿದವು. ಮಧ್ಯಾಹ್ನ ಡ್ರೋನುಗಳ ಸರದಿ.

ಹೊಸಬರಿಗೆ ಎರಡು ಓಟ. ಮೊದಲನೆಯದರಲ್ಲಿ ಮೀರಿಮ್ ಚೆನ್ನಾಗಿಯೇ ಹೊರಟಳು. ತಿರುವು ದಾಟಿದಳು... ಗೇಟು ದಾಟಿದಳು... ಆ ಕಂಬ ಬಂತು. ಅದನ್ನು ಕಂಡ ಕೂಡಲೇ ಅವಳ ಬೆರಳು ಮರಗಟ್ಟಿತು.

ಢಬ್!

'ಮತ್ತೆ ಅಲ್ಲೇ... ಮತ್ತೆ ಅಲ್ಲೇ ಬಿದ್ದೆ!'

ಅವಳು ಡ್ರೋನ್ ಎತ್ತಿಕೊಂಡು ಮೇಜಿಗೆ ಬಂದಾಗ ಅಲ್ಲಿ ಅಪ್ಪ ನಿಂತಿದ್ದ. ಇದನ್ನೆಲ್ಲ ಮಕ್ಕಳಾಟ ಅಂತ ಬಾಯಿ ಸೊಟ್ಟ ಮಾಡುತ್ತಿದ್ದ ಸಾಪರ್!

"ಎಲ್ಲಿ ಪೆಟ್ಟು?" ಕುದುರೆಗೆ ಕೇಳುವಂತೆ ಕೇಳಿದ.

"ಗೊತ್ತಿಲ್ಲ ಆತಾ... ಒಂದು ಮೋಟಾರು ತಿರುಗ್ತಿಲ್ಲ." ಅಪ್ಪನನ್ನು ಅವಳು ಆತಾ ಅಂತಲೇ ಕರೆಯುವುದು.

"ಗೊತ್ತಿಲ್ಲ ಅಂದ್ರೆ? ನೀನೇ ತಾನೇ ಕಟ್ಟಿದ್ದು? ಬಿಚ್ಚು. ನಾನು ಹಿಡ್ಕೋತೀನಿ."

ಅವಳ ಕಣ್ಣೀರು ಅಲ್ಲೇ ನಿಂತಿತು. ಅಪ್ಪ ಎರಡು ಕೈಯಲ್ಲಿ ಹಿಡಿದುಕೊಂಡ. ಅವಳು ಮೋಟಾರಿನ ಮುಚ್ಚಳ ಬಿಚ್ಚಿದಳು. ಒಳಗೊಂದು ಕಲ್ಲಿನ ಹರಳು ಸಿಕ್ಕಿಕೊಂಡಿತ್ತು. ಅದನ್ನು ಕೊಕ್ಕೆಯಲ್ಲಿ ಎತ್ತಿದಳು. ಆಮೇಲೆ ಅವಳ ಕೈ ನಿಂತುಹೋಯಿತು.

ಮುಚ್ಚಳದ ಒಳಗೆ, ಸೂಜಿಯಲ್ಲಿ ಗೀರಿದ ಅರ್ಧ ಚಂದ್ರ. ಕೆಳಗೊಂದು ಗೆರೆ.

"ಇದು... ಇದು ಹೇಗೆ ಇಲ್ಲಿ?..."

ಸಾಪರ್ ಬಗ್ಗಿ ನೋಡಿದ. "ತಿಲೆಕ್‌ನ ತಾತನ ಮುದ್ರೆ. ನೂರು ಕುದುರೆ ನಡುವೆ ನಿಂತಿದ್ರೂ ಗುರುತು ಹಿಡೀತೀನಿ. ಮುದ್ರೆ ಹಾಕಿದ್ದನ್ನ ಆ ಮನೆಯೋರು ಯಾವತ್ತೂ ಮಾರಿದ್ದಿಲ್ಲ ಮಗಳೇ. ಮನಸ್ಸಿಗೆ ಬಂದೋರಿಗೆ ಕೊಟ್ಟಿದ್ದುಂಟು."

ಮೀರಿಮ್‌ಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಪಾರ್ಸೆಲ್ ಬಂದೇ ಇರಲಿಲ್ಲ! ಅವನು ತನ್ನ ಮೋಟಾರುಗಳನ್ನೇ ಕಿತ್ತು, ಕೆಂಪು ಬಣ್ಣ ಬಳಿದು, ಅವಳಿಗೆ ಕೊಟ್ಟಿದ್ದ. ಅದಕ್ಕೇ ಅವನದು ಮುಗಿಯಲಿಲ್ಲ. ಅದಕ್ಕೇ ಆ ಕಪ್ಪು ಡ್ರೋನ್ ಕೊಂಡಿದ್ದ. 'ನಾನು ಅವನಿಗೆ ಸೇಡಾ ಅಂತ ಕೇಳಿದೆ... ಛೇ! ಅವನನ್ನ ಬೈಕೆ ಅಂದೆ!'

ಈಗಲೇ ಓಡಿಹೋಗಿ ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಆದರೆ ಅವನು ಆಗಲೇ ಕನ್ನಡಕ ಕಟ್ಟಿಕೊಂಡು ಕುರ್ಚಿಯಲ್ಲಿದ್ದ. ಹಳಬರ ರೇಸ್ ಶುರುವಾಗಿತ್ತು.

ಅವಳು ಮುಚ್ಚಳ ಕೂಡಿಸಿದಳು. ರೆಕ್ಕೆ ಬದಲಿಸಿದಳು. ಬ್ಯಾಟರಿ ಕೈಗೆತ್ತಿಕೊಂಡಳು.

"ಬೇಗ ಆನ್ ಮಾಡಿ ನೋಡು!" ಜೆನಿಶ್ ಅವಸರ ಮಾಡಿದ. "ಇವರದು ಮುಗಿದ ಕೂಡಲೇ ನಿಮ್ಮನ್ನ ಕರೀತಾರೆ. ಪರೀಕ್ಷೆ ಮಾಡದೇ ಹಾರಿಸ್ತೀಯಾ? ಬಿದ್ರೆ ಮತ್ತೆ ಅವಕಾಶ ಇಲ್ಲ!"

ಬ್ಯಾಟರಿಯ ತಂತಿಗೂ ಡ್ರೋನಿನ ತಂತಿಗೂ ನಡುವೆ ಒಂದು ಬೆರಳಿನಷ್ಟು ಜಾಗ. ಸಿಕ್ಕಿಸಿದರೆ ಮೋಟಾರು ತಿರುಗುತ್ತದೋ ಇಲ್ಲವೋ ತಿಳಿಯುತ್ತದೆ. ಸಿಕ್ಕಿಸಿದರೆ ಅವನ ಕಣ್ಣಿಂದ ಮೈದಾನ ಅಳಿಸಿಹೋಗುತ್ತದೆ.

"ಇಲ್ಲ. ತಿಲೆಕ್ ಹಾರಿಸ್ತಿದ್ದಾನೆ."

ಅವಳು ಬ್ಯಾಟರಿಯನ್ನು ಎದೆಗೆ ಒತ್ತಿಕೊಂಡು ನಿಂತಳು. ಆಕಾಶದಲ್ಲಿ ಕಪ್ಪು ಡ್ರೋನ್ ತಡವರಿಸುತ್ತಿತ್ತು. ಅದು ಅವನ ಕೈಗೆ ಪಳಗಿರಲಿಲ್ಲ. ಪ್ರತಿ ತಿರುವಿನಲ್ಲೂ ಅಗಲಕ್ಕೆ ಹೋಗಿ ಬರುತ್ತಿತ್ತು. ಯಾವಾಗಲೂ ಮುಂದಿರುತ್ತಿದ್ದವನು ಎಲ್ಲರಿಗಿಂತ ಕೊನೆಗೆ ಬಂದ. ಜನ ನಕ್ಕರು.

ಅವನು ಕನ್ನಡಕ ತೆಗೆಯುವುದಕ್ಕೂ ಮೈಕಿನಲ್ಲಿ ಹೊಸಬರನ್ನು ಕರೆಯುವುದಕ್ಕೂ ಸರಿಹೋಯಿತು. ಪರೀಕ್ಷೆಗೆ ಹೊತ್ತೇ ಇರಲಿಲ್ಲ. ಮೀರಿಮ್ ಗೆರೆಯ ಮೇಲೆ ಡ್ರೋನ್ ಇಟ್ಟು ಬ್ಯಾಟರಿ ಸಿಕ್ಕಿಸಿದಳು. ಕುರ್ಚಿಗೆ ಬಂದು ಕೂತಳು.

'ತಿರುಗು... ಅವನಾಣೆ, ತಿರುಗು!'

ನಾಲ್ಕೂ ಮೋಟಾರುಗಳು ಒಂದೇ ಸ್ವರದಲ್ಲಿ ಗುಂಯ್ ಅಂದವು.

ಹೊರಟಿತು! ನೆಲ ಓಡಿತು. ಮೊದಲ ಗೇಟು... ತಿರುವು... ಯಾರೋ ಪಕ್ಕದಿಂದ ಮುಂದೆ ಹೋದರು, ಹೋಗಲಿ. ಎರಡನೇ ಸುತ್ತು... ಕೊನೇ ಸುತ್ತು... ಕಂಬ ಬಂತು. ಆದರೆ ಈ ಸಲ ಅವಳಿಗೆ ತನ್ನ ಕೆಳಗೆ ಏನಿದೆ ಅಂತ ಗೊತ್ತಿತ್ತು. ಪ್ರತಿ ತಂತಿ ಗೊತ್ತಿತ್ತು. ಮುಚ್ಚಳದ ಒಳಗಿನ ಅರ್ಧ ಚಂದ್ರವೂ ಗೊತ್ತಿತ್ತು.

ಕಂಬ ಸರ್ರನೆ ಪಕ್ಕದಲ್ಲಿ ಹೋಯಿತು.

ಬಿಳಿ ಗೆರೆ ಕೆಳಗೆ ಹಾದುಹೋಯಿತು.

ಮೂರನೆಯವಳಾಗಿ ಬಂದಿದ್ದಳು. ಬುರುಲ್ ಮೊದಲ ಬಹುಮಾನ ಬಂದಂತೆ ಕೇಕೆ ಹಾಕುತ್ತಿದ್ದಳು! ಸಾಪರ್ ಬೇಲಿಗೆ ಒರಗಿ ಟೋ‍ಪಿಯಲ್ಲಿ ಕಣ್ಣೊರೆಸಿಕೊಂಡ. ಮೀರಿಮ್ ಮಾತ್ರ ಕನ್ನಡಕ ತೆಗೆಯದೆ, ಅದರೊಳಗೇ ಬಿಕ್ಕಿ ಬಿಕ್ಕಿ ಅತ್ತಳು.

*

ಸಂಜೆ ರೇಸುಗಳೆಲ್ಲ ಮುಗಿದು ಜನ ಹೊರಟಿದ್ದರು. ತಿಲೆಕ್ ಒಬ್ಬನೇ ಮೈದಾನದ ಆಚೆ ತುದಿಯಲ್ಲಿ ಕುರ್ಚಿ ಮಡಿಸುತ್ತಿದ್ದ.

"ತಿಲೆಕ್!"

ಅವನು ತಿರುಗಿದ. ಈಚೆ ತುದಿಯ ಮೇಜಿನ ಹತ್ತಿರ ಕೆಂಪು ಟೋಪಿ.

"ಕನ್ನಡಕ ಹಾಕ್ಕೋ!" ಅವಳು ಕೂಗಿದಳು.

"ಯಾಕೆ?"

"ಹಾಕ್ಕೋ ಅಂದ್ರೆ ಹಾಕ್ಕೋ! ನಿನ್ನ ಚಾನೆಲ್ಲೇ!"

ಹಾಕಿಕೊಂಡ. ಅವಳು ಸುತ್ತ ನೋಡಿ, ಕೈ ಮೇಲೆತ್ತಿ, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು. "ಯಾರಾದ್ರೂ ಹಾರಿಸ್ತಿದ್ದೀರಾ?! ಕರೆಂಟ್ ಕೊಡ್ತಿದ್ದೀನಿ!"

ಯಾರೂ ಉತ್ತರಿಸಲಿಲ್ಲ. ಸಿಕ್ಕಿಸಿದಳು.

ಅವನ ಕಣ್ಣೆದುರಿನ ಕಪ್ಪಿನಲ್ಲಿ ಅವಳ ಮುಖ ಮೂಡಿತು. ಅತ್ತು ಊದಿದ ಕಣ್ಣು, ಕೆಂಪಾದ ಮೂಗು. ಅವಳು ಕ್ಯಾಮೆರಾದ ಮುಂದೆ ಆ ಮೋಟಾರಿನ ಕೆಂಪು ಮುಚ್ಚಳವನ್ನು ತೋರಿಸಿ, ಬೆರಳಿನಲ್ಲಿ ತಟ್ಟಿದಳು.

"ಯಾಕೆ ಹೇಳಲಿಲ್ಲ?" ದೂರದಿಂದ ಅವಳ ದನಿ ಬಂತು.

"ಹೇಳಿದ್ರೆ ನೀನು ಬಿಚ್ಚಿ ಕೊಟ್ಟುಬಿಡ್ತಿದ್ದೆ."

"ಆವತ್ತು ನಿನ್ನ ಡ್ರೋನ್ ಮುರಿದೋಳಿಗೆ, ನಿನ್ನ ಮೋಟಾರು ಕೊಟ್ಯಲ್ಲ!"

ಅವನು ಕನ್ನಡಕದೊಳಗಿನ ಆ ಮುಖವನ್ನೇ ನೋಡುತ್ತಿದ್ದ.

"ಮೀರಿಮ್... ಒಂದು ನಿಜ ಹೇಳ್ಲಾ? ಆವತ್ತಿನ ಆ ಗೇಟು ಎಲ್ಲಿದೆ ಅಂತ ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು. ಚಿತ್ರ ಹೋದ್ರೂ ಕೈ ಅಭ್ಯಾಸದಲ್ಲೇ ದಾಟಿಸ್ತಿತ್ತು. ಎಷ್ಟೋ ಸಲ ದಾಟಿಸಿದ್ದೀನಿ."

"ಮತ್ತೆ?"

"ಮತ್ತೆ ಏನು... ನಿನ್ನ ಮುಖ ನೋಡ್ತಾ ಕೈ ನಿಂತುಹೋಯ್ತು. ಅದಕ್ಕೇ ಅಷ್ಟು ಕೋಪ ಬಂದಿದ್ದು. ನಿನ್ನ ಮೇಲಲ್ಲ."

ಮೀರಿಮ್‌ಳ ಬಾಯಿ ತೆರೆದಿದ್ದು ಹಾಗೇ ಇತ್ತು. ಅದೂ ಅವನಿಗೆ ಕಾಣಿಸಿತು!

"ಅಯ್ಯೋ ಪಾಪಿ! ಹಾಗಾದ್ರೆ ತಪ್ಪು ನಂದಲ್ಲ! ಇಡೀ ಚಳಿಗಾಲ ನನ್ನ ಕೈಲಿ ಕ್ಷಮೆ ಕೇಳಿಸ್ಕೊಂಡ್ಯಲ್ಲೋ!"

"ಕೇಳೋಕಂತಾದ್ರೂ ದಿನಾ ಬರ್ಲಿ ಅಂತ..."

ಅವಳು ಅಳುತ್ತಲೇ ನಕ್ಕಳು. ಚಿತ್ರ ಗೆರೆಗೆರೆಯಾಗತೊಡಗಿತು.

"ಬ್ಯಾಟರಿ ಮುಗೀತಿದೆ, ಬೇಗ ಕೇಳ್ಕೋ!" ಅವಳು ಕೂಗಿದಳು. "ನಂಗೆ ನೀನು ಬೇಕು ತಿಲೆಕ್. ಬೈಕೆ ಅಲ್ಲ. ನೀನು!"

ಮುಖ ಮಾಯವಾಯಿತು. ಅವನು ಕನ್ನಡಕ ಕಿತ್ತು ತೆಗೆದ. ಮೈದಾನದ ಆ ಬದಿಯಲ್ಲಿ ಅವಳು ಸಣ್ಣಗೆ ಕಾಣುತ್ತಿದ್ದಳು. ಅವಳ ಕಡೆಗೆ ಓಡಲು ಒಂದು ಹೆಜ್ಜೆ ಇಟ್ಟ.

"ನಿಲ್ಲು! ಅಲ್ಲೇ ನಿಲ್ಲು!" ಅವಳು ಕೈ ತೋರಿಸಿದಳು. "ಈ ಮೈದಾನ ನಾನೇ ದಾಟ್ತೀನಿ. ಆದ್ರೆ... ಕುಂಟ್ಕೊಂಡು ಬರೋದು ತಡ ಆಗುತ್ತೆ ಕಣೋ!"

ತಿಲೆಕ್ ಕಣ್ಣೊರೆಸಿಕೊಂಡು ಎರಡೂ ಕೈ ಚಾಚಿ ನಿಂತ.

"ಬಾ. ನಿಧಾನ ಬಾ. ಇಲ್ಲಿ ಯಾರೂ ಟೈಮ್ ನೋಡ್ತಿಲ್ಲ."